ಜೂನ್ ಒಂದಕ್ಕೆ ಹುಟ್ಟಿಸಿದವಳು ನಾನೇ

ಕಳೆದ ತಿಂಗಳು ಒಂದೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಸರಿತಾಳಿಗೆ ಹದಿನೆಂಟು ತುಂಬಿತ್ತು. ಮಧ್ಯಾಹ್ನ ಒಂದೂವರೆಗೆ ಅವಳಿಗೆ ಇನ್ನೂ ಹದಿನಾರು. ನಡುವೆ ನಾವು ಮಾಡಿದ್ದು ಇಷ್ಟೇ: ನಾಗಪುರದ ಸದರ್‌ನಿಂದ ಧಂತೋಲಿಗೆ ಆಟೋದಲ್ಲಿ ಹೋದದ್ದು.

ವಯಸ್ಸು ಇಳಿಸುವ ಆಟೋ ಈ ಊರಿನಲ್ಲಿ ಓಡುತ್ತದೆಂದು ಗೊತ್ತಿದ್ದರೆ ನಾನು ಮೂವತ್ತು ವರ್ಷದ ಹಿಂದೆಯೇ ಅದಕ್ಕೆ ಪಾಸ್ ಮಾಡಿಸಿಕೊಳ್ಳುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಮಹಿಳಾ ಮಂಡಳಿಯವರೆಲ್ಲ ನನ್ನ ಹಿಂದೆ ಕ್ಯೂ ನಿಲ್ಲುತ್ತಿದ್ದರು.

ಈ ಅಂಕಣವನ್ನು ಮೊದಲಿನಿಂದ ಓದುತ್ತ ಬಂದವರಿಗೆ ನನ್ನ ಶನಿವಾರಗಳು ಗೊತ್ತು. ಹೊಸಬರಿಗೆ ಎರಡು ಮಾತು. ನಾನು ಧಾರವಾಡದವಳು. ನಮ್ಮವರ ರೈಲ್ವೆ ನೌಕರಿ ನಮ್ಮನ್ನು ನಾಗಪುರಕ್ಕೆ ತಂದು ಹಾಕಿತು, ನಿವೃತ್ತಿ ಇಲ್ಲಿಯೇ ಬಿಟ್ಟು ಹೋಯಿತು. ಸದರ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದೆ. ಈಗ ಶನಿವಾರ ಮಧ್ಯಾಹ್ನ ಒಂದು ಸರಕಾರಿ ಬಾಲಿಕಾಗೃಹಕ್ಕೆ ಹೋಗಿ, ಅಪ್ಪ-ಅಮ್ಮ ಇಲ್ಲದ, ಇದ್ದರೂ ಎಲ್ಲಿದ್ದಾರೋ ಗೊತ್ತಿಲ್ಲದ ಹುಡುಗಿಯರಿಗೆ ಇಂಗ್ಲಿಷ್, ಗಣಿತ ಮತ್ತು ಫಾರ್ಮ್ ತುಂಬುವುದನ್ನು ಹೇಳಿಕೊಡುತ್ತೇನೆ.

ನಗಬೇಡಿ, ಮೂರನೆಯದೇ ದೊಡ್ಡ ವಿದ್ಯೆ. ನನ್ನ ಮೊದಲ ಪಾಠ: ಒಂದೂ ಕಾಲಂ ಖಾಲಿ ಬಿಡಬಾರದು. ಪರೀಕ್ಷೆಯಲ್ಲೂ ಅಷ್ಟೇ, ಫಾರ್ಮಿನಲ್ಲೂ ಅಷ್ಟೇ. ಖಾಲಿ ಜಾಗ ಕಂಡರೆ ನನಗೆ ಕೈ ತುರಿಸುತ್ತದೆ. (ಈ ಕೈ ತುರಿಕೆಯನ್ನು ನೆನಪಿಡಿ. ಮುಂದೆ ಇದೇ ನನ್ನ ಮಾನ ಕಳೆಯುತ್ತದೆ.)

ಸರಿತಾ ಆ ಗೃಹದ ಹುಡುಗಿ. ಚಿಕ್ಕವಳಿದ್ದಾಗ ನಾಗಪುರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಬಿಸ್ಕಿಟ್ ಪ್ಯಾಕೆಟ್ ಹಿಡಿದುಕೊಂಡು ಕೂತಿದ್ದಳಂತೆ. ದೇಶದ ನಾಲ್ಕೂ ದಿಕ್ಕಿನ ರೈಲುಗಳು ಬಂದು ಹೋಗುವ ಊರು ಇದು. ಯಾವ ದಿಕ್ಕಿನಿಂದ ಬಂದಳೋ ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಹಲ್ಲು ನೋಡಿದರು, ಎಲುಬಿನ ಎಕ್ಸ್‌ರೇ ತೆಗೆದರು, ಇಷ್ಟು ವಯಸ್ಸು ಎಂದರು. ಬಾಲಕಲ್ಯಾಣ ಸಮಿತಿಯವರು ಅಲ್ಲಿಂದ ಹಿಂದಕ್ಕೆ ಎಣಿಸಿ ಜನವರಿ ಹನ್ನೊಂದು ಅವಳ ಹುಟ್ಟಿದ ದಿನ ಎಂದು ಆದೇಶ ಬರೆದರು. ಆ ಆದೇಶ ಗೃಹದ ಕಪಾಟಿನೊಳಗೆ ಹೋಗಿ ಕೂತಿತು.

ಸರಿ, ಆ ದಿನಕ್ಕೆ ಬರೋಣ. ಹನ್ನೊಂದು ಗಂಟೆಗೆ ಗೃಹದ ಅಧೀಕ್ಷಕಿ ಮಂದಾತಾಈ ಕಪಾಟಿನಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟರು. (ಮಾತೆಲ್ಲ ಮರಾಠಿ-ಹಿಂದಿಯಲ್ಲಿ ನಡೆದದ್ದು. ನನ್ನ ಕೈಯಲ್ಲಿ ಕನ್ನಡವಾಗಿ ಬರುವಾಗ ಎಲ್ಲರೂ ಧಾರವಾಡದವರೇ ಆಗಿಬಿಡುತ್ತಾರೆ, ಸುಧಾರಿಸಿಕೊಳ್ಳಿ.)

"ಬಾಈ, ಜನವರಿಗೇ ಹದಿನೆಂಟು ಮುಗದಾವ. ಹನ್ನೆರಡನೇ ಪರೀಕ್ಷಾ ಐತಿ ಅಂತ ಹೇಳಿ ಏಪ್ರಿಲ್ ಮೂವತ್ತರ ತನಕ ಪರ್ಮಿಷನ್ ತಂದೀನಿ. ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ರಿ" ಎಂದರು. ಬಾಈ ಅಂದರೆ ಇಲ್ಲಿ ಟೀಚರಮ್ಮ, ನಮ್ಮ ಕಡೆಯ ಅಕ್ಕೋರು ಇದ್ದಂತೆ. ಮಂದಾತಾಈ ಕೆಟ್ಟವರಲ್ಲ. ಹೇಳುವಾಗ ಅವರೂ ಸರಿತಾಳ ಮುಖ ನೋಡಲಿಲ್ಲ.

ದೊಡ್ಡ ಹುಡುಗಿಯರಿಗೆಂದು ಇರುವ ವಸತಿಗೃಹ ಬೇರೆ ಜಿಲ್ಲೆಯಲ್ಲಿದೆ. ಜಾಗ ಖಾಲಿಯಾದಾಗ ತಿಳಿಸುತ್ತೇವೆ ಎಂದು ಅವರು ಬರೆದಿದ್ದರು. ಆದರೆ ಸರಿತಾಳಿಗೆ ಅದರ ಚಿಂತೆ ಇರಲಿಲ್ಲ. ಧಂತೋಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸಹಾಯಕಿಯರ ತರಬೇತಿಗೆ ಅವಳು ಇಂಟರ್‌ವ್ಯೂ ಕೊಟ್ಟು ಪಾಸಾಗಿದ್ದಳು. ಮೇ ಒಂದಕ್ಕೆ ಶುರು. ಹಾಸ್ಟೆಲ್ ಅಲ್ಲಿಯೇ, ಊಟ ಅಲ್ಲಿಯೇ. ಏಪ್ರಿಲ್ ಮೂವತ್ತಕ್ಕೆ ಒಂದು ಬಾಗಿಲು ಮುಚ್ಚಿದರೆ ಮರುದಿನ ಇನ್ನೊಂದು ತೆರೆಯುತ್ತದೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡು ಎಂದು ಆಟೋದಲ್ಲಿ ನಾನೇ ಹೇಳಿದೆ. (ನನ್ನ ನಾಲಿಗೆಗೆ ಬೆಂಕಿ ಹಾಕ.)

ಆಸ್ಪತ್ರೆಯ ಆಫೀಸಿನಲ್ಲಿ ಕೂತಿದ್ದ ಕನ್ನಡಕದ ಹುಡುಗಿ ಸರಿತಾಳ ಆಧಾರ್ ಕಾರ್ಡನ್ನು ಮೇಲೆ ನೋಡಿದಳು, ಕೆಳಗೆ ನೋಡಿದಳು, ಬೆರಳು ಮಡಚಿ ಲೆಕ್ಕ ಹಾಕಿದಳು.

"ಆಂಟಿ, ಇದ್ರಾಗ ಜೂನ್ ಒಂದು ಐತಿ. ಹದಿನೆಂಟು ಆಗಾಕ ಮೇದಿಂದ ಇನ್ನೂ ಹದಿಮೂರು ತಿಂಗಳು ಬೇಕು. ಮೈನರ್ ಹುಡುಗೀನ್ನ ಹಾಸ್ಟೆಲಿಗೆ ತಗೊಳ್ಳಾಕ ಬರೂದಿಲ್ರಿ."

ನಾನು ಸಮಿತಿಯ ಆದೇಶ ತೋರಿಸಿದೆ. ಸಹಿ ತೋರಿಸಿದೆ, ಸೀಲು ತೋರಿಸಿದೆ. ಅವಳು ಪಾಪ ವಿನಯದಿಂದಲೇ ಹೇಳಿದಳು: "ಸಿಸ್ಟಮ್ ಆಧಾರ್ ನಂಬರ್ ಕೇಳ್ತೈತ್ರಿ ಆಂಟಿ, ಆದೇಶ ಕೇಳೂದಿಲ್ಲ. ಮೂವತ್ತರೊಳಗ ತಿದ್ದಿಸಿಕೊಂಡು ಬರ್ರಿ, ಸೀಟ್ ಹಿಡಿದಿಡ್ತೀನಿ."

ಹೊರಗೆ ಹಾಕುವುದಕ್ಕೆ ಹದಿನೆಂಟು. ಒಳಗೆ ತೆಗೆದುಕೊಳ್ಳುವುದಕ್ಕೆ ಹದಿನಾರು. ಎರಡೂ ಕಾಗದ ಸರಕಾರದ್ದೇ, ಎರಡರ ಮೇಲೂ ಇವಳದೇ ಹೆಸರು. ನಾಗಪುರದ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿನ ಹಾಲಿನ ಗಾಡಿಯ ಮುಂದೆ ಎರಡು ಗ್ಲಾಸು ಹೇಳಿ ನಿಂತೆವು. ಗ್ಲಾಸು ಖಾಲಿ ಮಾಡಿ ಸರಿತಾ ಕೇಳಿದಳು:

"ಬಾಈ, ಮತ್ತ ಮೇ ತಿಂಗಳು ನಾ ಎಲ್ಲಿರಬೇಕು? ಆಟೋದಾಗ?"

ಕೈಯಲ್ಲಿ ಇಪ್ಪತ್ತೊಂದು ದಿನ ಇತ್ತು.

ಮರುದಿನ ಆಧಾರ್ ಕೇಂದ್ರ. ಕಂಪ್ಯೂಟರ್ ಮುಂದಿನ ಹೆಣ್ಣುಮಗಳು ಬೇಗ ವಿಷಯ ಹಿಡಿದಳು. "ಕಾರ್ಡ್ ಮಾಡಿಸುವಾಗ ಶಾಲೆಯ ದಾಖಲೆ ಕೊಟ್ಟೀರಿ. ಅದ್ರಾಗ ಜೂನ್ ಒಂದು ಐತಿ. ಮೊದ್ಲ ಶಾಲೆಯವರು ತಿದ್ದಿಕೊಡಲಿ, ನಂದು ಐದು ಮಿನಿಟಿನ ಕೆಲಸ. ಆದ್ರ ನೆನಪಿಡ್ರಿ ಮ್ಯಾಡಮ್, ಹುಟ್ಟಿದ ದಿನ ಒಂದ ಸಲ ತಿದ್ದಾಕ ಬರೂದು. ಬರೋಬರ್ ನೋಡಿಕೊಂಡು ಬರ್ರಿ" ಎಂದಳು.

ಈಗ ಕಥೆ ನಿಲ್ಲಿಸಿ ಜೂನ್ ಒಂದರ ಬಗ್ಗೆ ಹೇಳಲೇಬೇಕು. ನಿಮ್ಮಲ್ಲಿ ಎಷ್ಟು ಜನ ಆಗಲೇ ಒಳಗೊಳಗೆ ನಗುತ್ತಿದ್ದೀರಿ, ನನಗೆ ಗೊತ್ತು. ಯಾಕೆಂದರೆ ನಿಮ್ಮದೂ ಅದೇ.

ನಾನು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ ಎಂದು ಅವ್ವ ಹೇಳುತ್ತಿದ್ದಳು. ಉಂಡಿ ಕಟ್ಟಿ ಮುಗಿದಿತ್ತು, ಜೋಕಾಲಿ ಇನ್ನೂ ಇಳಿಸಿರಲಿಲ್ಲ, ಆಗ ನಾನು ಬಂದೆನಂತೆ. ಶಾಲೆಗೆ ಹೆಸರು ಹಚ್ಚಲು ಅಪ್ಪ ಕರೆದುಕೊಂಡು ಹೋದಾಗ ಮಾಸ್ತರರು ಉಂಡಿಯನ್ನೂ ಕೇಳಲಿಲ್ಲ, ಜೋಕಾಲಿಯನ್ನೂ ಕೇಳಲಿಲ್ಲ. ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿದರು. ಮುಟ್ಟಿತು. ಮುಟ್ಟಿತು ಅಂದರೆ ಆರು ತುಂಬಿತು. ಶಾಲೆ ಶುರುವಾಗುವುದು ಜೂನಿನಲ್ಲಿ, ಆದ್ದರಿಂದ ಜೂನ್ ಒಂದು. ಬರೆದೇಬಿಟ್ಟರು. ನಮ್ಮ ಅರ್ಧ ಕ್ಲಾಸು ಅದೇ ದಿನ ಹುಟ್ಟಿತ್ತು. ಆ ತಾರೀಖಿನ ಮೇಲೆಯೇ ನಾನು ನೌಕರಿ ಮಾಡಿದೆ, ಆ ತಾರೀಖಿನ ಲೆಕ್ಕಕ್ಕೇ ನಿವೃತ್ತಳಾದೆ. ಒಬ್ಬರೂ ತಕರಾರು ತೆಗೆಯಲಿಲ್ಲ.

ಬಾಲಿಕಾಗೃಹದಲ್ಲಿ ಸರಿತಾಳೂ ಸೇರಿ ಏಳು ಹುಡುಗಿಯರದು ಜೂನ್ ಒಂದು. ನನ್ನದು ಸೇರಿ ಎಂಟು. ಶನಿವಾರ ಇರಲಿ ಬಿಡಲಿ, ಆ ದಿನ ನಾನು ಡಬ್ಬಿ ತುಂಬ ಶಿರಾ ಮಾಡಿಕೊಂಡು ಹೋಗುತ್ತಿದ್ದೆ. ಮಂದಾತಾಈ ಒಂದು ಕೇಕು ತರಿಸುತ್ತಿದ್ದರು. ಎಂಟು ಹೆಸರು ಹಿಡಿಸುವುದಿಲ್ಲವೆಂದು ಅದರ ಮೇಲೆ 'ಹ್ಯಾಪಿ ಬರ್ತ್‌ಡೇ ಆಲ್' ಎಂದಷ್ಟೇ ಇರುತ್ತಿತ್ತು. ನಾನು ಪ್ರತಿ ವರ್ಷ ಚಾಕು ಹಿಡಿದು ಒಂದು ಭಾಷಣ ಬಿಗಿಯುತ್ತಿದ್ದೆ. ಯಾವನೋ ಮೈಗಳ್ಳ ಮಾಸ್ತರ ಕೂತಲ್ಲೇ ಕೂತು ನಿಮ್ಮೆಲ್ಲರನ್ನೂ ಒಂದೇ ದಿನ ಹುಟ್ಟಿಸಿಬಿಟ್ಟಿದ್ದಾನೆ ನೋಡ್ರಿ, ಎಂದು. ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು.

ಆ ಮೈಗಳ್ಳನನ್ನು ಹಿಡಿಯಲೆಂದೇ ಮೂರನೆಯ ದಿನ ಸರಿತಾಳನ್ನು ಕರೆದುಕೊಂಡು ಶಾಲೆಗೆ ನುಗ್ಗಿದೆ. ಶಾಲೆ ಬೇರೆ ಯಾವುದೂ ಅಲ್ಲ, ನಾನು ಕಲಿಸಿದ್ದೇ. ಸರಿತಾ ಒಂದನೇ ಕ್ಲಾಸಿನಲ್ಲಿ ನನ್ನದೇ ವಿದ್ಯಾರ್ಥಿನಿ. ಈಗಿನ ಕ್ಲರ್ಕ್ ಗೇಡಾಮ್ ನಾನು ಬಿಟ್ಟ ಮೇಲೆ ಬಂದವರು. ಹಳೆಯ ಬಾಈ ಎಂದು ಎದ್ದು ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಮೇಜು ಗುದ್ದಿದೆ.

"ಯಾವ ಕತ್ತಿ ಬರದದ್ದು ಇದನ್ನ? ಒಂದು ಹುಡುಗಿಯ ಜೀವನದ ಜೋಡಿ ಆಟ ಆಡ್ತೀರೇನು? ರಜಿಸ್ಟರ್ ತಗೀರಿ ಹೊರಗ!"

ಗೇಡಾಮ್ ಏಣಿ ಹತ್ತಿ ಹನ್ನೆರಡು ವರ್ಷದ ಹಿಂದಿನ ದಾಖಲಾತಿ ರಜಿಸ್ಟರ್ ಇಳಿಸಿದರು. ಧೂಳು ಕೊಡವಿ ಪುಟ ತೆರೆದರು. ಏಳು ಸಾಲು. ಏಳು ಹೆಸರು. ಏಳು ಜೂನ್ ಒಂದು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಎಷ್ಟು ಚಂದ ಬರೆದಿದ್ದಾನೆ ಕತ್ತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸರಿತಾ ಪುಟದ ಮೇಲೆ ಬಾಗಿ ನೋಡಿದಳು. ನನ್ನ ಕಡೆ ನೋಡಿದಳು. ಮತ್ತೆ ಪುಟ ನೋಡಿದಳು.

"ಬಾಈ, ಒಂದಕ್ಕ ಟೋಪಿ ಐತಿ."

ನಾನೂ ಪುಟದ ಮೇಲೆ ಬಾಗಿದೆ.

"ಚಪ್ಪಲಿನೂ ಐತಿ ಬಾಈ."

ಮೂವತ್ತೊಂದು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಒಂದು (1) ಎಂಬ ಅಂಕಿಯನ್ನು ನಾನು ಹೀಗೆಯೇ ಕಲಿಸಿದ್ದು: ಬರಿಗೋಲು ಎಳೆಯಬೇಡಿ, ಬಿಸಿಲಿಗೆ ಟೋಪಿ ಹಾಕಿ, ಕಾಲಿಗೆ ಚಪ್ಪಲಿ ಹಾಕಿ. ಆ ಶಾಲೆಯಲ್ಲಿ ಒಂದಕ್ಕೆ ಟೋಪಿ-ಚಪ್ಪಲಿ ಹಾಕುತ್ತಿದ್ದ ಟೀಚರ್ ಒಬ್ಬಳೇ ಒಬ್ಬಳು.

ಗೇಡಾಮ್ ಕುರ್ಚಿಯನ್ನು ಮತ್ತೊಮ್ಮೆ ಮುಂದೆ ಸರಿಸಿದರು. ಈ ಸಲ ಕೂತೆ.

ಕೂತ ಮೇಲೆ ಎಲ್ಲ ನೆನಪಾಯಿತು. ಆ ಜೂನಿನಲ್ಲಿ ಕ್ಲರ್ಕ್ ಸಹಾರೆ ಅವರನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಹಾಕಿದ್ದರು. ದಾಖಲಾತಿ ಮೇಜಿಗೆ ನನ್ನನ್ನು ಕೂರಿಸಿದ್ದರು. ಗೃಹದ ಆಯಾ ಒಂದೇ ಆಟೋದಲ್ಲಿ ಏಳು ಹುಡುಗಿಯರನ್ನು ತುರುಕಿಕೊಂಡು ಬಂದಳು. ಕೈಯಲ್ಲಿ ಹೆಸರುಗಳ ಚೀಟಿ ಮಾತ್ರ. "ಹುಟ್ಟಿದ ದಿನದ ಕಾಗದ ಕಪಾಟಿನ್ಯಾಗ ಅದಾವ್ರಿ, ಕೀಲಿ ಇದ್ದವರು ರಜಾ, ನಾಳೆ ತರ್ತೀನಿ" ಎಂದಿದ್ದಳು. ಸರಿ, ನಾಳೆ ಬರೆದರಾಯಿತು ಎಂದು ಯಾರಾದರೂ ಬಿಡುತ್ತಿದ್ದರು. ನಾನು ಬಿಡುವವಳೇ? ಏಳು ಖಾಲಿ ಕಾಲಂ! ಕೈ ತುರಿಸಿತು.

ನಮ್ಮ ಮಾಸ್ತರರು ಮಾಡಿದ್ದನ್ನೇ ಮಾಡಿದೆ. ಒಬ್ಬೊಬ್ಬಳ ಕೈಯನ್ನೂ ತಲೆಯ ಮೇಲಿಂದ ತಂದು ಕಿವಿ ಮುಟ್ಟಿಸಿದೆ. ಆರು ಹುಡುಗಿಯರದು ಮುಟ್ಟಿತು. ಸರಿತಾಳದು ಮುಟ್ಟಲಿಲ್ಲ. ಚಿಕ್ಕವಳು ಎಂದುಕೊಂಡು ಅವಳಿಗೆ ಒಂದು ವರ್ಷ ಕಡಿಮೆ ಬರೆದೆ. ಅವಳು ಚಿಕ್ಕವಳಾಗಿರಲಿಲ್ಲ. ಹೊಟ್ಟೆಗೆ ಸರಿಯಾಗಿ ಸಿಗದೆ ಕೈ ಬೆಳೆದಿರಲಿಲ್ಲ, ಅಷ್ಟೇ. ಅದು ನನಗೆ ಹೊಳೆದದ್ದು ಹನ್ನೆರಡು ವರ್ಷ ತಡವಾಗಿ, ಆ ಕುರ್ಚಿಯಲ್ಲಿ ಕೂತಾಗ. ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಮುಖ ಎಲ್ಲಿಡಲಿ ಎನ್ನುವಂಥದ್ದು.

ನಾಳೆ ತರುತ್ತೇನೆಂದ ಆಯಾ ನಾಳೆ ಬರಲಿಲ್ಲ. ನಾನೂ ಕೇಳಲಿಲ್ಲ. ಯಾಕೆ ಕೇಳಲಿ, ಕಾಲಂ ತುಂಬಿತ್ತಲ್ಲ! ಮುಂದೆ ಶಾಲೆಯಲ್ಲೇ ಆಧಾರ್ ಕ್ಯಾಂಪ್ ನಡೆದಾಗ ಇದೇ ರಜಿಸ್ಟರ್ ನೋಡಿ ಸರ್ಟಿಫಿಕೇಟು ಬರೆದುಕೊಟ್ಟರು. ಅದರ ಮೇಲೆ ಕಾರ್ಡ್ ಬಂತು. ಎಲುಬು ನೋಡಿ ಬರೆದ ತಾರೀಖು ಕಪಾಟಿನಲ್ಲೇ ಉಳಿಯಿತು, ಕಿವಿ ಮುಟ್ಟಿಸಿ ಬರೆದದ್ದು ಊರೆಲ್ಲ ತಿರುಗಿತು.

ತಿದ್ದಬೇಕಾದರೆ ಶಿಕ್ಷಣ ಇಲಾಖೆಯ ಆಫೀಸಿನಿಂದ ಮಂಜೂರಾತಿ ಬೇಕು. ಅದಕ್ಕೆ ಶಾಲೆಯ ಪ್ರಸ್ತಾವ ಬೇಕು. ಪ್ರಸ್ತಾವಕ್ಕೆ, ತಪ್ಪು ಬರೆದವರು ಯಾಕೆ ಬರೆದರು ಎಂಬ ಸಮಜಾಯಿಷಿ ಬೇಕು. ಗೇಡಾಮ್ ಇದನ್ನೆಲ್ಲ ಹೇಳಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಬಾಈ, ಹೆಂಗೂ ಸಹಾರೆ ಸರ್ ತೀರಿಕೊಂಡಾರ. ಅವರ ಹೆಸರು ಹಾಕಿಬಿಡೂಣ. ನೀವು ಬರದುಕೊಟ್ರ ಎನ್‌ಕ್ವಾಯರಿ ಅದೂ ಇದೂ ಅಂತ ಪೆನ್ಷನ್ನಿಗೆ ಕೈ ಹಾಕಿದ್ರ?"

ಸುಳ್ಳು ಯಾಕೆ ಹೇಳಲಿ? ನಾನು ತಕ್ಷಣ ಬೇಡ ಎನ್ನಲಿಲ್ಲ. ಸಹಾರೆ ಒಳ್ಳೆಯವರು, ನಿರುಪದ್ರವಿ, ಇದ್ದಾಗಲೂ ಎದುರು ಮಾತಾಡಿದವರಲ್ಲ. ಈಗಂತೂ ಮಾತಾಡುವ ಪ್ರಶ್ನೆಯೇ ಇಲ್ಲ. ನಾನು ಯೋಚಿಸುತ್ತೇನೆ ಎಂದೆ. ಯೋಚಿಸುತ್ತೇನೆ ಅಂದರೆ ಹೆದರಿದ್ದೇನೆ ಎಂದರ್ಥ, ಅದು ಸರಿತಾಳಿಗೂ ಗೊತ್ತಾಯಿತು.

ಗೇಟಿನ ಹತ್ತಿರ ಅವಳು ಹೇಳಿದಳು: "ನಿಮಗ ತ್ರಾಸ ಆಗ್ತದಂದ್ರ ಬ್ಯಾಡ ಬಿಡ್ರಿ ಬಾಈ. ಹದಿಮೂರು ತಿಂಗಳಲ್ಲ? ಎಲ್ಲೆರೆ ಇರ್ತೀನಿ."

ಎಲ್ಲೆರೆ! ಈ ಊರಿನಲ್ಲಿ ಅವಳಿಗೆ ಇರುವ 'ಎಲ್ಲೆರೆ' ಯಾವುದು, ಮೊದಲು ಸಿಕ್ಕ ಆ ಪ್ಲಾಟ್‌ಫಾರ್ಮೇ? ಮನೆಗೆ ಬಂದವಳೇ ಕಾಗದ, ಪೆನ್ನು ಹಿಡಿದು ಕೂತೆ.

ನಮ್ಮವರು ಪೇಪರ್ ಓದುತ್ತಿದ್ದರು. ವಿಷಯ ಕೇಳಿ ಪೇಪರ್ ಮಡಚಿಟ್ಟು ಹತ್ತಿರ ಬಂದು ಕೂತರು. ಅವರ ಮುಖದಲ್ಲಿ ಅಂಥ ಆನಂದ ನಾನು ಇತ್ತೀಚೆಗೆ ಕಂಡಿರಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ನಾನು ತಪ್ಪಾಯಿತು ಎಂದು ಬರೆಯುವುದನ್ನು ನೋಡುವ ಯೋಗ ಅವರಿಗೆ ಮೊದಲ ಸಲ ಬಂದಿತ್ತು.

"ರೈಲ್ವೆದಾಗ ನಾ ಇಂಥವು ಭಾಳ ಬರದೀನಿ. ನಾ ಹೇಳ್ತೀನಿ, ನೀ ಬರಿ. 'ಮೇಲ್ಕಂಡ ತಪ್ಪು ನನ್ನ ಗಡಿಬಿಡಿ ಸ್ವಭಾವದಿಂದ ಆಗಿರುತ್ತದೆ.'"

"ಸ್ವಭಾವ ಗಿಭಾವ ಬ್ಯಾಡ."

"ಆತು ಬಿಡು. 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ' ಅಂತ ಕಡೀಕ ಹಾಕು."

"ರಿಟೈರ್ ಆಗೀನಲ್ರಿ! ಇನ್ನು ಮುಂದ ಏನು ಮಾಡ್ಲಿ?"

"ಅದೂ ಖರೇ. ಆದ್ರೂ ಹಾಕು, ಛಲೋ ಕಾಣ್ತದ."

ತಡವಾಗಿ ಬಂದ ಮಕ್ಕಳಿಂದ ಎಷ್ಟು ಕ್ಷಮಾಪಣೆ ಚೀಟಿ ಬರೆಸಿಕೊಂಡಿದ್ದೇನೋ, ಅದೆಲ್ಲ ಆ ಸಂಜೆ ನನಗೆ ವಾಪಸ್ ಬಂತು. ಪೆನ್ಷನ್ನಿನ ಮಾತು ಎತ್ತಿದೆ. ನಮ್ಮವರು ಕಾಗದವನ್ನು ನನ್ನ ಕಡೆ ಸರಿಸಿ, "ನಂದು ಐತಲ್ಲ, ಬರಿ" ಎಂದರು. ಈ ಮನುಷ್ಯನ ಬಗ್ಗೆ ನಾನು ಇದೇ ಅಂಕಣದಲ್ಲಿ ಬರೆದಿರುವ ಕೆಲವು ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎಲ್ಲವನ್ನೂ ಅಲ್ಲ.

ಒಂದಲ್ಲ, ಏಳು ಸಮಜಾಯಿಷಿ ಬರೆದೆ. ಉಳಿದ ಆರು ಹುಡುಗಿಯರ ಆದೇಶಗಳನ್ನೂ ಮಂದಾತಾಈಯವರ ಕಪಾಟಿನಿಂದ ಹೊರಡಿಸಿದೆ. ಗೇಡಾಮ್ ಎರಡೇ ದಿನದಲ್ಲಿ ಪ್ರಸ್ತಾವ ಸಿದ್ಧ ಮಾಡಿಕೊಟ್ಟರು. ಏಳು ಫೈಲು ಹಿಡಿದು, ಸರಿತಾಳನ್ನು ಹಿಡಿದು, ಶಿಕ್ಷಣ ಇಲಾಖೆಯ ಆಫೀಸಿಗೆ ಹೋದೆ. ಅಲ್ಲಿನ ಕ್ಲರ್ಕ್ ವಾನಖೇಡೆ ಫೈಲಿನ ತೂಕ ನೋಡಿಯೇ ತಲೆ ಅಲ್ಲಾಡಿಸಿದರು.

"ಮೂರು ತಿಂಗಳಾದ್ರೂ ಬೇಕ್ರಿ ಮ್ಯಾಡಮ್. ನಂಬರ್ ಪ್ರಕಾರ ಬರಬೇಕು. ಈ ಸಮಜಾಯಿಷಿ ಬರದವರು ನೀವ ಏನು? ನಿಮ್ಮ ಆಧಾರ್ ಝೆರಾಕ್ಸ್ ಹಚ್ಚ್ರಿ."

ನೋಡಿ, ತಪ್ಪು ಮಾಡುವಾಗ ಯಾರೂ ಗುರುತಿನ ಚೀಟಿ ಕೇಳಿರಲಿಲ್ಲ. ಒಪ್ಪಿಕೊಳ್ಳಲು ಬೇಕಂತೆ. ಕೊಟ್ಟೆ. ಅವರು ಕಾರ್ಡ್ ನೋಡಿದರು. ಕನ್ನಡಕ ಮೇಲಕ್ಕೇರಿಸಿ ಮತ್ತೆ ನೋಡಿದರು.

"ಮ್ಯಾಡಮ್, ನಿಮ್ದೂ ಜೂನ್ ಒಂದೇನ್ರಿ?"

"ಹೌದ್ರಿ. ಯಾಕ?"

ವಾನಖೇಡೆ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ನಂದೂ ಅದ ರೀ."

ಪಕ್ಕದ ಮೇಜಿನಿಂದ ಒಬ್ಬರು ತಲೆ ಎತ್ತಿದರು. "ಏ, ನಂದೂ!" ಚಹಾ ತಂದ ಹೆಂಗಸು, ಎಲ್ಲರೂ ಮಾವಶಿ (ಚಿಕ್ಕಮ್ಮ) ಎನ್ನುವವಳು, ಅವಳು ಕೂಡ ತನ್ನದೂ ಅದೇ ಎಂದಳು. ಒಳಗಿನ ಸಾಹೇಬರದು ಯಾವುದು ಎಂದು ಯಾರೋ ಕೇಳಿದರು. "ಅವರದು ಜುಲೈ ಒಂದು. ತಡಾ ಮಾಡಿ ಸಾಲಿಗೆ ಹೋಗ್ಯಾರ" ಎಂದು ಮಾವಶಿಯೇ ಹೇಳಿದಳು. ಇಡೀ ಕೋಣೆ 'ಹೋ' ಎಂದು ನಕ್ಕಿತು. ನಾನೂ ನಕ್ಕೆ. ಸರಿತಾ ಮಾತ್ರ ನಗಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು.

ಅವಳನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು.

"ವಾನಖೇಡೆ ಸಾಹೇಬ್ರ, ಒಂದು ಮಾತು ಕೇಳ್ಲ್ಯಾ? ನಿಮ್ಮ ಜೂನ್ ಒಂದಕ್ಕ ಇಲ್ಲಿ ತನಕಾ ಯಾರರೆ ಪುರಾವೆ ಕೇಳ್ಯಾರೇನು?"

"ಇಲ್ರಿ."

"ಯಾಕ ಕೇಳಿಲ್ಲ?"

ಅವರು ಪೆನ್ನಿನ ಕ್ಯಾಪು ತಿರುಗಿಸಿದರು. "ಉಮರೇಡ್ ಹತ್ರ ನಮ್ಮ ಹಳ್ಳಿ. ಹೆಸರು ಹಚ್ಚಾಕ ನಮ್ಮಪ್ಪ ಬಂದಿದ್ರು. ಅಪ್ಪ ಹೇಳಿದ ಮ್ಯಾಲೆ ಪುರಾವೆ ಯಾರು ಕೇಳ್ತಾರ್ರಿ?"

"ಈಕಿ ಜೋಡಿ ಯಾರೂ ಬರ್ಲಿಲ್ರಿ. ಒಂದು ಚೀಟಿ ಬಂತು. ನಿಮಗ, ನನಗ, ಈ ಮಾವಶಿಗೆ ಯಾರ ಹತ್ರನೂ ಖರೇ ತಾರೀಖು ಇಲ್ಲ, ಆದ್ರೂ ನಮ್ಮ ಹೊಟ್ಟಿ ತುಂಬಿದಾವ. ಈ ಖೋಲಿಯೊಳಗ ಹುಟ್ಟಿದ ದಿನಕ್ಕ ಡಾಕ್ಟರ್ ಸಹಿ, ಸರಕಾರದ ಆದೇಶ ಇದ್ದಾಕಿ ಈಕಿ ಒಬ್ಬಾಕೇ. ಮೂರು ತಿಂಗಳು ಕಾಯಬೇಕಾದಾಕಿನೂ ಈಕಿ ಒಬ್ಬಾಕೇ. ಇದು ಹೆಂಗ್ರಿ?"

ಮೇಜು ಗುದ್ದಲಿಲ್ಲ. (ಹಿಂದಿನ ಸಲದ ಅನುಭವ ಇತ್ತಲ್ಲ.) ವಾನಖೇಡೆ ಸರಿತಾಳ ಕಡೆ ತಿರುಗಿ, "ಮೇ ಒಂದಕ್ಕ ಹೋಗಬೇಕೇನವಾ?" ಎಂದು ಕೇಳಿದರು. ಅವಳು ಹೌದೆಂದು ತಲೆ ಆಡಿಸಿದಳು. ಅವರು ಎದ್ದು ಏಳೂ ಫೈಲನ್ನು ಎದೆಗೆ ಅವಚಿಕೊಂಡು ಜುಲೈ ಒಂದರ ಸಾಹೇಬರ ಕೋಣೆಗೆ ಹೋದರು.

ಮಂಜೂರಾತಿ ಒಂಬತ್ತನೆಯ ದಿನ ಬಂತು. ನನ್ನ ಪೆನ್ಷನ್ನಿಗೆ ಏನೂ ಆಗಲಿಲ್ಲ. 'ದಾಖಲೆ ಬರೆಯುವಾಗ ಎಚ್ಚರಿಕೆ ವಹಿಸತಕ್ಕದ್ದು' ಎಂದು ನನ್ನ ಹೆಸರಿಗೆ ಒಂದು ಪತ್ರ ಮಾತ್ರ ಬಂದಿದೆ. ನಮ್ಮವರು ಅದಕ್ಕೆ ಫ್ರೇಮ್ ಹಾಕಿಸಬೇಕೆನ್ನುತ್ತಿದ್ದಾರೆ. ಗೇಡಾಮ್ ಹೊಸ ಸರ್ಟಿಫಿಕೇಟು ಕೊಟ್ಟರು. ಆಧಾರ್ ಕೇಂದ್ರದ ಹೆಣ್ಣುಮಗಳು ಹೇಳಿದಂತೆ ಐದೇ ನಿಮಿಷದಲ್ಲಿ ತನ್ನ ಕೆಲಸ ಮುಗಿಸಿದಳು. ಆಮೇಲೆ ಕಾಯುವುದು. ಇಪ್ಪತ್ತಾರು ಹೋಯಿತು, ಇಪ್ಪತ್ತೇಳು ಹೋಯಿತು. ಮಂದಾತಾಈ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ಬಂತೇನ್ರಿ?" ಎಂದು ಕೇಳಿದರು. ಇಪ್ಪತ್ತೊಂಬತ್ತಕ್ಕೆ ಸಂಜೆ ಮೊಬೈಲಿಗೆ ಮೆಸೇಜು ಬಂತು. ಡೌನ್‌ಲೋಡ್ ಮಾಡಿದೆವು. ಜನವರಿ ಹನ್ನೊಂದು!

ಸರಿತಾ ಅದನ್ನು ಬಹಳ ಹೊತ್ತು ನೋಡಿದಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಇದು:

"ಬಾಈ, ಇನ್ನ ಜೂನ್ ಒಂದಕ್ಕ ನನಗ ಶಿರಾ ಇಲ್ಲೇನು?"

"ಮಾಡ್ತೀನವಾ. ಜನವರಿಗೂ ಮಾಡ್ತೀನಿ, ಜೂನಿಗೂ ಮಾಡ್ತೀನಿ" ಎಂದೆ. ಹೇಳುತ್ತ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡೆ. ಬಿಸಿಲಿಗೆ ಹಾಗಾಗುತ್ತದೆ ಎಂದು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ.

ಮೇ ಒಂದರ ಬೆಳಿಗ್ಗೆ ಒಂದು ಟ್ರಂಕು, ಒಂದು ಬಕೆಟ್ಟು, ಗೃಹದ ಹುಡುಗಿಯರು ಕೊಟ್ಟ ಒಂದು ಗೋಡೆ ಗಡಿಯಾರ ಹೇರಿಕೊಂಡು ಆಟೋದಲ್ಲಿ ಧಂತೋಲಿಗೆ ಹೋದೆವು. ಈ ಸಲ ದಾರಿಯಲ್ಲಿ ಅವಳ ವಯಸ್ಸು ಇಳಿಯಲಿಲ್ಲ. ಕನ್ನಡಕದ ಹುಡುಗಿ ಸೀಟು ಹಿಡಿದಿಟ್ಟಿದ್ದಳು. ನಂಬರ್ ಹಾಕಿದಳು, ಸಿಸ್ಟಮ್ ಬಾಯಿ ಮುಚ್ಚಿಕೊಂಡು ಒಪ್ಪಿತು. ಹಾಸ್ಟೆಲಿನ ಫಾರ್ಮ್ ಕೊಟ್ಟಳು.

ಸರಿತಾ ಕೂತು ತುಂಬಿದಳು. ನಾನು ಕಲಿಸಿದ ಹಾಗೆಯೇ, ಮೇಲಿನಿಂದ ಕೆಳಗೆ, ಒಂದಕ್ಕೆಲ್ಲ ಟೋಪಿ ಚಪ್ಪಲಿ ಹಾಕಿ. ಹನ್ನೊಂದರಲ್ಲಿ ಎರಡು ಟೋಪಿ, ನಾಲ್ಕು ಚಪ್ಪಲಿ ಎಂದು ತಾನೇ ನಕ್ಕಳು. (ಲೆಕ್ಕ ತಪ್ಪು, ಒಂದಕ್ಕೆ ಇರುವುದು ಒಂದೇ ಕಾಲು. ಆ ಹೊತ್ತಿನಲ್ಲಿ ತಿದ್ದಲಿಲ್ಲ.) ಮುಗಿಸಿ ನನ್ನ ಕೈಗೆ ಕೊಟ್ಟಳು.

ಹಳೆಯ ಚಾಳಿ, ಕಣ್ಣು ಓಡಿಸಿದೆ. 'ತುರ್ತು ಸಂದರ್ಭದಲ್ಲಿ ಕರೆಯಬೇಕಾದವರು' ಎಂಬಲ್ಲಿ ನನ್ನ ಹೆಸರು, ನನ್ನ ನಂಬರು, ನಮ್ಮ ಮನೆಯ ವಿಳಾಸ. ಯಾರನ್ನೂ ಕೇಳದೆ ಬರೆದಿದ್ದಳು. ಅದರ ಮುಂದಿನ 'ಸಂಬಂಧ' ಎಂಬ ಕಾಲಂ ಖಾಲಿ.

"ಇದೇನವಾ, ಖಾಲಿ ಬಿಟ್ಟೀಯಲ್ಲ?" ಎಂದೆ.

ಅವಳು ಪೆನ್ನು ನನ್ನ ಕಡೆ ಚಾಚಿದಳು. "ಅದನ್ನ ನೀವ ಬರೀರಿ ಬಾಈ. ಆದ್ರ ಈ ಸಲ ನೋಡಿಕೊಂಡು ಬರೀರಿ."

ಖಾಲಿ ಕಾಲಂ ಕಂಡು ನನ್ನ ಕೈ ತುರಿಸದೆ ಇದ್ದದ್ದು ಅದೇ ಮೊದಲು. ಅವಳನ್ನು ನೋಡಿದೆ, ಚೆನ್ನಾಗಿ ನೋಡಿದೆ. ಆಮೇಲೆ 'ಅಜ್ಜಿ' ಎಂದು ಬರೆದೆ.

ಪುರಾವೆ ಎಲ್ಲಿ ಎಂದು ಯಾರಾದರೂ ಕೇಳಲಿ, ನೋಡಿಕೊಳ್ಳುತ್ತೇನೆ!